ಜನವರಿಯಲ್ಲಿ ಅರಳಿದ ಜರ್ದಾಳು

ನೈರೋಬಿಯಲ್ಲಿ ನಮ್ಮವರೆಲ್ಲ ಚಳಿಗಾಲ ಅನ್ನುತ್ತಿದ್ದದ್ದು ಜುಲೈ ತಿಂಗಳನ್ನು. ಜೂನ್ ಬರುತ್ತಿದ್ದಂತೆ ಆಕಾಶ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು, ವಾರಗಟ್ಟಲೆ ಸೂರ್ಯ ಮುಖ ತೋರಿಸುತ್ತಿರಲಿಲ್ಲ. ಹೈರಿಡ್ಜಿನ ನಮ್ಮ ಫ್ಲಾಟಿನಲ್ಲಿ ಒಗೆದ ಬಟ್ಟೆ ಒಣಗದೆ ಮುಗ್ಗಲು ವಾಸನೆ ಹೊಡೆಯುತ್ತಿತ್ತು, ರುಬ್ಬಿಟ್ಟ ದೋಸೆ ಹಿಟ್ಟು ಉಬ್ಬುವುದನ್ನೇ ಮರೆತುಬಿಡುತ್ತಿತ್ತು. ಜನವರಿ ಅಂದರೆ ಬೇಸಿಗೆ. ಸಂಕ್ರಾಂತಿಗೆ ಎಳ್ಳು ಬೀರಲು ಹೊರಟರೆ ರೇಷ್ಮೆ ಸೀರೆ ಬೆವರಿಗೆ ಬೆನ್ನಿಗೆ ಅಂಟಿಕೊಳ್ಳುತ್ತಿತ್ತು. ಹತ್ತು ವರ್ಷದ ಮೇಲೆ ಆ ಊರಿನ ಗಾಳಿ ಕುಡಿದವರಿಗೆ ಇದರಲ್ಲಿ ಅನುಮಾನ ಬರುವಂಥದ್ದು ಏನೂ ಇರಲಿಲ್ಲ. ಹೀಗಾಗಿ ನನ್ನ ಗಂಡನಿಗೂ ಬರಲಿಲ್ಲ, ನನಗೂ ಬರಲಿಲ್ಲ.

ನನ್ನ ಗಂಡ ಇಂಡಸ್ಟ್ರಿಯಲ್ ಏರಿಯಾದ ಒಂದು ಔಷಧಿ ಕಾರ್ಖಾನೆಯಲ್ಲಿ ಮಾತ್ರೆ ವಿಭಾಗದ ಮ್ಯಾನೇಜರ್ ಆಗಿದ್ದರು. ಮೈಸೂರಿನಿಂದ ಹೊರಟಾಗ ನಮ್ಮ ಮಗಳಿಗೆ ನಾಲ್ಕು ವರ್ಷ. ಕಾರ್ಖಾನೆಯ ಯಜಮಾನರು ವಯಸ್ಸಾದ ಗುಜರಾತಿ, ಅವರ ತಾತನ ಕಾಲದಿಂದ ಕೀನ್ಯಾದಲ್ಲೇ ಇದ್ದವರು. ಅವರು ಆ ವರ್ಷ ಕಾರ್ಖಾನೆಯನ್ನು ಬೇರೆಯವರಿಗೆ ಮಾರಿಬಿಟ್ಟರು. ಹೊಸಬರು ತಮ್ಮ ಜನವನ್ನೇ ಕರೆದುಕೊಂಡು ಬರುತ್ತಾರೆ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ನನ್ನ ಗಂಡನ ವರ್ಕ್ ಪರ್ಮಿಟ್ ಏಪ್ರಿಲ್ ಕೊನೆಗೆ ಮುಗಿಯುವುದಿತ್ತು, ಅದನ್ನು ಮುಂದುವರಿಸುವವರು ಯಾರೂ ಇರಲಿಲ್ಲ.

ನಮ್ಮಿಬ್ಬರದೇ ಆಗಿದ್ದರೆ ಗಂಟು ಮೂಟೆ ಕಟ್ಟಿ ಹೊರಟುಬಿಡುತ್ತಿದ್ದೆವು. ಚಿಂತೆ ಇದ್ದದ್ದು ಮಗಳದು. ಅವಳ ದೊಡ್ಡ ಪರೀಕ್ಷೆಗೆ ಇನ್ನೂ ಒಂದು ವರ್ಷ ಬಾಕಿ ಇತ್ತು. ಆ ಕೋರ್ಸನ್ನು ನಡುವೆ ಬಿಟ್ಟು ಹೋದರೆ ಊರಿನಲ್ಲಿ ಮತ್ತೆ ಹಿಂದಕ್ಕೆ, ಒಂಬತ್ತನೇ ಕ್ಲಾಸಿಗೆ ಹಾಕಿಕೊಳ್ಳುತ್ತೇವೆ ಎಂದು ನಾವು ವಿಚಾರಿಸಿದ ಶಾಲೆಯವರು ಹೇಳಿದ್ದರು. ಅದೂ ಹೋಗಲಿ, ಅವಳ ಗೆಳತಿಯರು, ಅವಳ ಹಾಡಿನ ಟೀಚರು, ಅವಳ ಜಗಳ ಎಲ್ಲವೂ ಇಲ್ಲೇ ಇದ್ದವು. ‘ಒಂದೇ ಒಂದು ವರ್ಷ, ಪ್ಲೀಸ್’ ಎಂದು ಅವಳು ಊಟದ ಮಧ್ಯೆ, ಟಿವಿ ಮಧ್ಯೆ, ತಲೆ ಬಾಚಿಸಿಕೊಳ್ಳುವಾಗ ಕೇಳುತ್ತಿದ್ದಳು, ಕೊಡುವುದು ನಮ್ಮ ಕೈಯಲ್ಲಿದೆಯೇನೋ ಎನ್ನುವ ಹಾಗೆ.

ಆಗ ಯಜಮಾನರೇ ಒಂದು ದಾರಿ ತೋರಿಸಿದರು. ಕಿನಂಗೋಪಿನಲ್ಲಿ, ಅಂದರೆ ಲಿಮುರುವಿನ ಚಹಾ ತೋಟಗಳನ್ನು ದಾಟಿ ಇನ್ನೂ ಮೇಲಕ್ಕೆ ಹತ್ತಿದರೆ ಸಿಗುವ ತಂಪು ಬಯಲಿನಲ್ಲಿ, ಅವರದೊಂದು ತುಂಡು ಜಮೀನಿತ್ತು. ಅಲ್ಲಿ ದಕ್ಷಿಣ ಆಫ್ರಿಕಾದಿಂದ ತರಿಸಿದ ಜರ್ದಾಳು ಸಸಿ ನೆಡಿಸಿದ್ದರು. ಏಪ್ರಿಕಾಟ್ ಅಂದರೂ ಅದೇ. ಹಣ್ಣು ಒಣಗಿಸಿ ಡಬ್ಬಿ ಕಟ್ಟಿ ಮಾರಬೇಕೆಂಬುದು ಅವರ ಮುದಿ ವಯಸ್ಸಿನ ಹುಚ್ಚು. ಗಿಡಗಳು ಆಳೆತ್ತರ ದಾಟಿದ್ದವು, ಒಂದಾದರೂ ಹೂ ಬಿಟ್ಟಿರಲಿಲ್ಲ. ‘ಈ ಸಲ ಕಾಯಿ ಕಟ್ಟಿಸಿ ತೋರಿಸು, ತೋಟಕ್ಕೆ ನಿನ್ನನ್ನೇ ಮ್ಯಾನೇಜರ್ ಮಾಡಿ ಪರ್ಮಿಟ್ಟಿಗೆ ಅರ್ಜಿ ಹಾಕಿಸುತ್ತೇನೆ. ಬರಿಗೈಯಲ್ಲಿ ಕೇಳಿದರೆ ನನ್ನ ಮಕ್ಕಳು ಒಪ್ಪುವುದಿಲ್ಲ’ ಎಂದರು ನನ್ನ ಗಂಡನಿಗೆ. ಮಾತ್ರೆ ಮಾಡುವ ಮನುಷ್ಯ ಗಿಡದಲ್ಲಿ ಕಾಯಿ ಕಟ್ಟಿಸುವುದು! ನನಗೆ ನಗು ಬಂತು. ಅವರು ನಗಲಿಲ್ಲ, ಅಂದು ಸಂಜೆಯೇ ಕಂಪ್ಯೂಟರಿನ ಮುಂದೆ ಕೂತರು.

ವಿಷಯ ಇಷ್ಟೇ. ಜರ್ದಾಳು ಚಳಿದೇಶದ ಗಿಡ. ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ದೆ ಮಾಡುತ್ತದೆ, ಎದ್ದ ಮೇಲೆ ಹೂ ಬಿಡುತ್ತದೆ. ಭೂಮಧ್ಯರೇಖೆಯ ಪಕ್ಕದಲ್ಲಿ ತಂದು ನಿಲ್ಲಿಸಿದರೆ ಅದಕ್ಕೆ ಯಾವಾಗ ಮಲಗಬೇಕು, ಯಾವಾಗ ಏಳಬೇಕು ಒಂದೂ ತಿಳಿಯುವುದಿಲ್ಲ. ವರ್ಷವಿಡೀ ಹಸಿರಾಗಿ, ಮಂಕಾಗಿ ನಿಂತಿರುತ್ತದೆ. ಅದಕ್ಕೊಂದು ಉಪಾಯವಿತ್ತು. ಸ್ವಲ್ಪ ಕಾಲ ನೀರು ನಿಲ್ಲಿಸಿ, ಎಲೆಯನ್ನೆಲ್ಲ ಕೈಯಿಂದ ಕಿತ್ತು ಹಾಕಬೇಕು. ಚಳಿಗಾಲ ಬಂದು ಹೋಯಿತೆಂದು ಗಿಡ ಮೋಸಹೋಗಿ, ತಿಂಗಳೊಪ್ಪತ್ತಿನಲ್ಲಿ ಹೂ ಬಿಡುತ್ತದೆ.

ಯಾವಾಗ ಕೀಳಬೇಕು ಅನ್ನುವುದೇ ಪ್ರಶ್ನೆ. ಊಟದ ಮೇಜಿನ ಮೇಲೆ ಕ್ಯಾಲೆಂಡರ್ ಹರಡಿಕೊಂಡು ನನ್ನ ಗಂಡ ಲೆಕ್ಕ ಹಾಕಿದರು.

“ಮಾರ್ಚಿಂದ ಮೇ ತನಕ ದೊಡ್ಡ ಮಳೆ, ಹೂವೆಲ್ಲ ತೊಳ್ಕೊಂಡು ಹೋಗುತ್ತೆ. ಜುಲೈ ಚಳಿ, ಅದಂತೂ ಬೇಡವೇ ಬೇಡ. ಅಕ್ಟೋಬರ್ ನವೆಂಬರ್ ಚಿಕ್ಕ ಮಳೆ. ಉಳಿದಿದ್ದು ಜನವರಿ. ಬಿಸಿಲು, ಒಣ ಹವೆ. ಡಿಸೆಂಬರ್ ಮೊದಲಲ್ಲಿ ಎಲ್ಲ ಗಿಡದ ಎಲೇನೂ ಒಂದೇ ದಿನ ಕಿತ್ತುಬಿಟ್ರೆ, ಸಂಕ್ರಾಂತಿ ಹೊತ್ತಿಗೆ ಇಡೀ ತೋಟ ಒಟ್ಟಿಗೆ ಅರಳುತ್ತೆ. ಯಜಮಾನರು ಅವತ್ತು ಬರ್ತೀನಿ ಅಂದಿದಾರೆ.”

“ಒಂದೇ ದಿನ ಯಾಕ್ರೀ? ಅದೇನು ಪ್ಯಾರಾಸಿಟಮಾಲ್ ಮಾತ್ರೇನೇ, ಒಟ್ಟಿಗೆ ಹೊರಗೆ ಬರೋಕೆ?”

“ಒಂದೊಂದು ಒಂದೊಂದು ದಿನ ಅರಳಿದ್ರೆ ನೋಡೋರಿಗೆ ಏನು ಕಾಣುತ್ತೆ? ಸುಮ್ನಿರೆ.”

ಅವರ ಕೆಲಸದ ರೀತಿಯೇ ಅದು. ಕಾರ್ಖಾನೆಯಲ್ಲಿ ಒಂದು ಬ್ಯಾಚ್ ಅಂದರೆ ಮೊದಲನೆಯ ಮಾತ್ರೆಗೂ ಕೊನೆಯ ಮಾತ್ರೆಗೂ ಕೂದಲೆಳೆಯ ವ್ಯತ್ಯಾಸ ಇರಬಾರದು. ಮನೆಯಲ್ಲಿ ನಾನು ಹೋಳಿಗೆ ತಟ್ಟಿದರೂ ಒಂದು ದೊಡ್ಡದಾಯಿತು, ಒಂದು ಚಿಕ್ಕದಾಯಿತು ಅನ್ನುತ್ತಿದ್ದರು. ಸೌತ್ ಬಿ ಬಡಾವಣೆಯಲ್ಲಿದ್ದ ನಮ್ಮ ಕನ್ನಡದ ಸ್ನೇಹಿತರನ್ನು ಕೇಳಿದೆವು, ದೇವಸ್ಥಾನದಲ್ಲಿ ಸಿಕ್ಕವರನ್ನೂ ಕೇಳಿದೆವು. ಎಲ್ಲರೂ ಜನವರಿಯೇ ಸರಿ ಎಂದರು. ಎಲ್ಲರ ಮನೆಯಲ್ಲೂ ಜುಲೈಗೇ ಅಲ್ಲವೇ ಸ್ವೆಟರ್ ಹೊರಗೆ ಬರುತ್ತಿದ್ದದ್ದು.

ಡಿಸೆಂಬರ್ ರಜೆಯಲ್ಲಿ ಮೂವರೂ ಹೋಗಿ ಎಲೆ ಕಿತ್ತೆವು. ತೋಟ ನೋಡಿಕೊಳ್ಳುತ್ತಿದ್ದವನು ಮಚಾಕೋಸ್ ಕಡೆಯ ನಡುವಯಸ್ಸಿನ ಗಂಡಸು, ಮಾರ್ಚ್‌ನಲ್ಲಷ್ಟೇ ಕೆಲಸಕ್ಕೆ ಸೇರಿದ್ದ. ಅವನ ಊರು ಸುಡು ಬಿಸಿಲಿನದು, ಈ ಬಯಲಿನ ಹವೆ ಅವನಿಗೂ ಹೊಸದು. ಆರೋಗ್ಯವಾಗಿರುವ ಗಿಡದ ಎಲೆ ಕೀಳುವುದು ಅವನಿಗೆ ಸರಿಬರಲಿಲ್ಲ. ಒಂದೊಂದು ಕೊಂಬೆ ಬೋಳು ಮಾಡಿದಾಗಲೂ ಗಿಡಕ್ಕೆ ‘ಪೋಲೆ, ಪೋಲೆ’ ಎಂದು ಸಮಾಧಾನ ಹೇಳುತ್ತಿದ್ದ. ಮಗಳಿಗೆ ಅದು ತಮಾಷೆ, ಅವಳೂ ಅವನ ಜೊತೆ ರಾಗ ತೆಗೆದಳು. ನಮ್ಮ ಬೆರಳೆಲ್ಲ ಹಸಿರು ಅಂಟು. ಸಂಜೆ ಆಗುವ ಹೊತ್ತಿಗೆ ತೋಟ ಮುಂಜಿಯ ವಟುಗಳ ಸಾಲಿನಂತೆ ಬೋಳಾಗಿ ನಿಂತಿತು. ತೀರ ಮೇಲಿನ ಅಂಚಿನಲ್ಲಿ ಒಂದು ಗಿಡದ ಅರ್ಧ ಮಾತ್ರ ಉಳಿಯಿತು, ಕತ್ತಲಾಗುವ ಮೊದಲು ನೈರೋಬಿ ಸೇರಬೇಕಿತ್ತು. ಅದನ್ನು ಬಿಟ್ಟುಬಂದದ್ದಕ್ಕೆ ನನ್ನ ಗಂಡ ದಾರಿಯುದ್ದಕ್ಕೂ ಪೇಚಾಡಿದರು.

ಹೊಸ ವರ್ಷದ ಹೊತ್ತಿಗೆ ಬೋಳು ಕೊಂಬೆಗಳಲ್ಲಿ ಕೆಂಪಗೆ ಮೊಗ್ಗು ಕಂಡಿತು. ಅವರು ಮದುವೆಯ ಹೊಸದರಲ್ಲೂ ಅಷ್ಟು ಖುಷಿಯಾಗಿದ್ದದ್ದನ್ನು ನಾನು ನೋಡಿರಲಿಲ್ಲ. ಸ್ನಾನದ ಮನೆಯಲ್ಲಿ ಹಾಡು ಬೇರೆ. ಸಂಕ್ರಾಂತಿ ವಾರಕ್ಕೆ ಸರಿಯಾಗಿ, ಅವರು ಹೇಳಿದ್ದ ಹಾಗೇ, ಇಡೀ ತೋಟ ಅರಳಿತು. ಎಲೆಯೇ ಇಲ್ಲದ ಕಪ್ಪು ಕೊಂಬೆಯ ತುಂಬ ಬಿಳಿ ಹೂ, ನಡುವೆ ಸಣ್ಣ ಗುಲಾಬಿ ಛಾಯೆ. ಅದನ್ನು ನೋಡಿ ನಾನೂ ನಂಬಿದೆ. ಮಗಳ ಆಗಸ್ಟ್ ರಜೆಯ ಸಂಗೀತ ತರಗತಿಗೆ ಫೋನಿನಲ್ಲಿ ಹೆಸರು ಬರೆಸಿದೆ.

ಪಕ್ಕದ ಹೊಲದಲ್ಲಿ ಆಲೂಗಡ್ಡೆ ಬೆಳೆಯುವ ಅಜ್ಜಿಯೊಬ್ಬಳು ಬೇಲಿಯ ಹತ್ತಿರ ಬಂದು ಹೂ ನೋಡಿ ಬೆರಗಾದಳು. ಆಮೇಲೆ ಆಕಾಶ ನೋಡಿ, ಮೋಡವೇ ಇಲ್ಲ, ರಾತ್ರಿ ‘ಬರೀದಿ’ ಬರುತ್ತದೆ ಎಂದಳು. ಬರೀದಿ ಅಂದರೆ ಚಳಿ ಅನ್ನುವುದು ನಮಗೂ ಗೊತ್ತು. ಜನವರಿಯಲ್ಲಿ ಎಂಥ ಚಳಿ ಎಂದು ನಾವು ನಕ್ಕೆವು. ಮೈಮೇಲೆ ಸುರಿಯುತ್ತಿದ್ದ ಬಿಸಿಲು ಹಾಗಿತ್ತು.

ಶುಕ್ರವಾರ ಬೆಳಗ್ಗೆ ತೋಟದವನ ಫೋನ್ ಬಂತು. ಹುಲ್ಲಿನ ಮೇಲೆಲ್ಲ ಬೆಳ್ಳಗೆ ಉಪ್ಪು ಚೆಲ್ಲಿದಂತಿದೆ, ಮುಟ್ಟಿದರೆ ಬೆರಳು ಕೊರೆಯುತ್ತದೆ, ಇದೇನು ಎಂದು ಕೇಳಿದ. ಕೆಳಗಿನ ಒಂದೆರಡು ಸಾಲಿನ ಹೂ ಬಾಡಿದೆ, ಉಳಿದದ್ದು ಚೆನ್ನಾಗಿದೆ ಎಂದ. ನನ್ನ ಗಂಡ ಫೋನ್ ಕೆಳಗಿಟ್ಟು ನೇರ ಕಂಪ್ಯೂಟರಿನ ಮುಂದೆ ಕೂತರು. ಕಾಫಿ ಆರಿತು. ಇಬ್ಬನಿ ಹೆಪ್ಪುಗಟ್ಟಿ ಬೀಳುವುದಕ್ಕೆ ನಮ್ಮ ಮೈಸೂರಿನ ಮಾತಿನಲ್ಲಿ ಒಂದು ಹೆಸರೂ ಇಲ್ಲ. ನಾನು ಅಂಥದ್ದನ್ನು ಕಂಡಿದ್ದರೆ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ.

ಅಂದು ಕಂಪ್ಯೂಟರಿನಲ್ಲಿ ಹುಡುಕಿದಾಗ ಅವರಿಗೆ ಎಲ್ಲ ಅರ್ಥವಾಯಿತು. ಜುಲೈಯಲ್ಲಿ ನಮ್ಮನ್ನು ನಡುಗಿಸುವ ಆ ಮೋಡವೇ ರಾತ್ರಿ ನೆಲಕ್ಕೆ ಹೊದಿಕೆ. ಜನವರಿಯಲ್ಲಿ ಹೊದಿಕೆ ಇಲ್ಲ. ಹಗಲಿನ ಬಿಸಿಲೆಲ್ಲ ರಾತ್ರಿ ಮೇಲಕ್ಕೆ ಹಾರಿಹೋಗಿ, ಬೆಟ್ಟದ ತಣ್ಣನೆ ಗಾಳಿ ನೀರಿನ ಹಾಗೆ ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ. ನಮ್ಮ ತೋಟ ಇದ್ದದ್ದೇ ತಗ್ಗಿನಲ್ಲಿ, ತೊರೆಯ ಪಕ್ಕ. ಮೊಗ್ಗು ಬಿಗಿಯಾಗಿದ್ದಾಗ ಜರ್ದಾಳು ಎಂಥ ಚಳಿಯನ್ನಾದರೂ ತಡೆಯುತ್ತದಂತೆ. ಅರಳಿದ ಮೇಲೆ ಅದಕ್ಕೆ ಎಳೆ ಮಗುವಿನಷ್ಟೂ ತಾಕತ್ತಿಲ್ಲ. ನಾವು ಎಲ್ಲವನ್ನೂ ಒಟ್ಟಿಗೆ, ಅದೇ ವಾರ ಅರಳಿಸಿದ್ದೆವು.

ಶನಿವಾರ ಮನೆಯಲ್ಲಿದ್ದ ಹೊದಿಕೆ, ಬೆಡ್‌ಶೀಟು, ನನ್ನ ಹಳೆಯ ವಾಯಿಲ್ ಸೀರೆಗಳನ್ನೆಲ್ಲ ಕಾರಿಗೆ ತುರುಕಿಕೊಂಡು ಹೋದೆವು. ಸೌತ್ ಬಿಯ ಸ್ನೇಹಿತರು ಅವರ ಮನೆಯ ಪರದೆಗಳನ್ನೂ ಕೊಟ್ಟಿದ್ದರು. ಅಷ್ಟೆಲ್ಲ ಕಟ್ಟಿದರೂ ಮುಚ್ಚಿದ್ದು ಎರಡು ಸಾಲು. ಒದ್ದೆ ಹುಲ್ಲಿನ ರಾಶಿ ಮಾಡಿಟ್ಟು, ಬೆಳಗಿನ ಜಾವ ಹೊಗೆ ಹಾಕಲು ತೋಟದವನಿಗೆ ಹೇಳಿದೆವು. ಬೇಲಿಯಾಚೆ ಆ ಅಜ್ಜಿ ಆಲೂಗಡ್ಡೆ ಗಿಡಗಳ ಮೇಲೆ ಒಣಹುಲ್ಲು ಹರಡುತ್ತಿದ್ದಳು, ಅವಳದೂ ಅರ್ಧ ಹೊಲಕ್ಕೆ ಮುಗಿದುಹೋಯಿತು. ಅಲ್ಲೇ ಉಳಿಯೋಣವೆಂದರೆ ತೋಟದವನ ಒಂದು ಕೋಣೆ ಬಿಟ್ಟು ಬೇರೆ ಸೂರಿಲ್ಲ, ಕತ್ತಲಾದ ಮೇಲೆ ಆ ದಾರಿಯಲ್ಲಿ ಕಾರು ಓಡಿಸುವ ಧೈರ್ಯ ಯಾರಿಗೂ ಇರಲಿಲ್ಲ. ಸಂಜೆಯ ಆಕಾಶ ತೊಳೆದಿಟ್ಟ ತಟ್ಟೆಯ ಹಾಗೆ ಫಳಫಳ ಅನ್ನುತ್ತಿತ್ತು. ಒಂದು ಚೂರು ಮೋಡಕ್ಕಾಗಿ ನಾನು ನೆನಪಿದ್ದ ದೇವರಿಗೆಲ್ಲ ಹರಕೆ ಹೊತ್ತೆ. ಹರಕೆ ಹೊರುವುದು ಬಿಟ್ಟು ಮಾಡುವುದಕ್ಕೆ ಇನ್ನೇನೂ ಇರಲಿಲ್ಲ.

ಭಾನುವಾರ, ಸಂಕ್ರಾಂತಿಯ ದಿನ, ನಾವು ಯಜಮಾನರಿಗಿಂತ ಮೊದಲೇ ತಲುಪಿದೆವು. ಬಿಸಿಲು ಬಂದಿತ್ತು, ಹುಲ್ಲು ಒದ್ದೆಯಾಗಿತ್ತು ಅಷ್ಟೆ. ಕೆಳಗಿನ ಒಂದೆರಡು ಸಾಲು ಬಿಟ್ಟರೆ ಹೂವೆಲ್ಲ ಹಾಗೇ ಇದ್ದವು, ಬೆಳ್ಳಗೆ, ತುಂಬಿಕೊಂಡು. ಅಜ್ಜಿಯ ಹೊಲದ ಹುಲ್ಲಿಲ್ಲದ ಕಡೆ ಆಲೂಗಡ್ಡೆ ಗಿಡಗಳು ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಮಲಗಿದ್ದನ್ನು ಕಂಡು ಓಡಿಬಂದಿದ್ದೆ, ನಮ್ಮ ಹೂ ನೋಡಿ ಜೀವ ಬಂತು.

“ನೋಡ್ರೀ, ಏನೂ ಆಗಿಲ್ಲ! ನನ್ನ ಹರಕೆ ಹುಸಿ ಹೋಗಲಿಲ್ಲ,” ಎಂದೆ.

ನನ್ನ ಗಂಡ ಒಂದು ಹೂ ಕಿತ್ತು ಉಗುರಿನಿಂದ ನಡುವೆ ಸೀಳಿದರು. ಎಸಳು ಬಿಳಿಯೇ. ಒಳಗೆ, ಕಾಯಾಗಬೇಕಾದ ಹಸಿರು ಕಡ್ಡಿ ಇರಬೇಕಾದ ಜಾಗದಲ್ಲಿ, ಕಪ್ಪಗೆ ಸುಟ್ಟ ಬತ್ತಿಯ ತುದಿ. ಇನ್ನೊಂದು ಸೀಳಿದರು, ಮತ್ತೊಂದು. ಪಕ್ಕದ ಗಿಡ, ಅದರ ಪಕ್ಕದ್ದು. ನನ್ನ ಸೀರೆ ಕಟ್ಟಿದ್ದ ಗಿಡಕ್ಕೆ ಬಂದರು. ಸೀರೆ ಇಬ್ಬನಿಯಲ್ಲಿ ನೆಂದು ಹೂವಿಗೆ ಅಂಟಿಕೊಂಡಿತ್ತು, ಬಿಡಿಸಿ ನೋಡಿದರೆ ಅಲ್ಲೂ ಕಪ್ಪು. ಮಗಳು ಅವರ ಹಿಂದೆ ಹಿಂದೆ ನಡೆಯುತ್ತಿದ್ದಳು.

ಅಷ್ಟರಲ್ಲಿ ಯಜಮಾನರ ಕಾರು ಬಂತು. ಹೆಂಡತಿ, ಮೊಮ್ಮಕ್ಕಳು, ಗಾಳಿಪಟ, ಚಿಕ್ಕಿಯ ಡಬ್ಬ ಎಲ್ಲ ಇಳಿದವು. ಮುದುಕರು ಕೋಲೂರಿಕೊಂಡು ಬಂದವರು ತೋಟದ ಬಾಗಿಲಲ್ಲೇ ನಿಂತುಬಿಟ್ಟರು. ಕಣ್ಣಲ್ಲಿ ನೀರು ತುಂಬಿತ್ತು. ಇಷ್ಟು ವರ್ಷದಲ್ಲಿ ಒಂದು ಹೂ ಕಾಣದ ಗಿಡಗಳು! ನನ್ನ ಗಂಡನ ಬೆನ್ನು ತಟ್ಟಿ ಶಾಭಾಸ್ ಎಂದರು. ನಾಳೆಯೇ ವಕೀಲನಿಗೆ ಹೇಳಿ ಪರ್ಮಿಟ್ಟಿನ ಕಾಗದ ಕಳಿಸುತ್ತೇನೆ, ಇನ್ನು ನೀನು ಚಿಂತೆ ಬಿಡು ಎಂದರು.

ಅವರಿಗೆ ಕನ್ನಡ ಬಾರದು. ನಾನು ಮುಖದಲ್ಲಿ ನಗು ಇಟ್ಟುಕೊಂಡೇ ಹೇಳಿದೆ:

“ರೀ, ಈಗ ಬಾಯಿ ಬಿಡಬೇಡಿ. ಕಾಗದ ಹೋಗಲಿ ಮೊದಲು.”

“ಒಂದೂ ಕಾಯಿ ಕಟ್ಟಲ್ಲ ಕಣೆ.”

“ಅದು ಅವರಿಗೆ ಗೊತ್ತಾಗೋದು ಇನ್ನೊಂದು ತಿಂಗಳಿಗೆ. ನಿಮ್ಮ ಕಾಲಿಗೆ ಬೀಳ್ತೀನಿ, ಇವಳ ಮುಖ ನೋಡಿ.”

ಅವರು ಮಗಳ ಮುಖ ನೋಡಿದರು. ಅವಳಿಗೆ ನಾವು ಆಡಿದ್ದೆಲ್ಲ ಅರ್ಥವಾಗಿತ್ತು, ಅವಳು ತಲೆ ತಗ್ಗಿಸಿ ಚಪ್ಪಲಿಯಿಂದ ಹುಲ್ಲು ಕೆದಕುತ್ತಿದ್ದಳು. ಒಂದು ಗಳಿಗೆ ಅವರು ನನ್ನ ಮಾತು ಕೇಳುತ್ತಾರೆಂದೇ ಅಂದುಕೊಂಡೆ. ಆಮೇಲೆ ಒಂದು ಹೂ ಕಿತ್ತು, ಸೀಳಿ, ಅಂಗೈ ಮೇಲಿಟ್ಟು ಯಜಮಾನರ ಮುಂದೆ ಹಿಡಿದರು. ಒಂದು ಚುಕ್ಕೆ ಕಂಡರೆ ಇಡೀ ಬ್ಯಾಚನ್ನೇ ಚರಂಡಿಗೆ ಸುರಿಸುತ್ತಿದ್ದ ಮನುಷ್ಯ. ಊರಿಗೆಲ್ಲ ಅದು ದೊಡ್ಡ ಗುಣ, ನನಗೂ ಬೇರೆ ದಿನಗಳಲ್ಲಿ ಹೆಮ್ಮೆಯೇ. ಅಂದು ಮಾತ್ರ ಆ ಕೈಯನ್ನು ಹಿಡಿದು ತಿರುಚಬೇಕು ಅನ್ನಿಸಿತು. ಆ ಸಿಟ್ಟು ಇವತ್ತಿಗೂ ಪೂರ್ತಿ ಆರಿಲ್ಲ.

ಮುದುಕರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. ಹೂವನ್ನು ತುಂಬ ಹೊತ್ತು ನೋಡಿ, ದೇವರ ಇಚ್ಛೆ, ಮಕ್ಕಳ ಹತ್ತಿರ ಮಾತಾಡುತ್ತೇನೆ ಎಂದರು. ಮೊಮ್ಮಕ್ಕಳು ಹೂವಿನ ಕೆಳಗೆ ಓಡಾಡಿ ಫೋಟೋ ತೆಗೆಸಿಕೊಂಡರು. ಅವರ ಹೆಂಡತಿ ನನ್ನ ಕೈಗೆ ಚಿಕ್ಕಿ ಕೊಟ್ಟರು, ನಾನು ಎಳ್ಳು ಬೆಲ್ಲ ಕೊಟ್ಟೆ.

ಫೆಬ್ರವರಿಯಲ್ಲಿ ಆ ಹೂವೆಲ್ಲ ಕಾಗದದ ಚೂರುಗಳ ಹಾಗೆ ಉದುರಿತು. ಮೇಲಿನ ಅಂಚಿನಲ್ಲಿ ನಾವು ಅರ್ಧ ಬಿಟ್ಟುಬಂದಿದ್ದ ಗಿಡದಲ್ಲಿ ಮಾತ್ರ, ಆ ಎಲೆ ಕೀಳದ ಕಡೆ, ನೀರಿಲ್ಲದೆ ಎಲೆ ತಾನಾಗಿ ಉದುರಿ, ಮೊಗ್ಗುಗಳು ತಡವಾಗಿ ಬಂದಿದ್ದವು. ಚಳಿ ಬಿದ್ದ ದಿನ ಅವು ಮುಷ್ಟಿ ಬಿಗಿದುಕೊಂಡೇ ಇದ್ದವು. ಅಲ್ಲಿ ಹಸಿರು ಬಟಾಣಿಯಂಥ ಕಾಯಿ ಕಟ್ಟಿತು, ಒಂದು ಬೊಗಸೆಯಷ್ಟು. ನನ್ನ ಗಂಡ ಓಡಿಹೋಗಿ ಯಜಮಾನರನ್ನೂ ಅವರ ಮಕ್ಕಳನ್ನೂ ಕರೆದುಕೊಂಡು ಬಂದು ತೋರಿಸಿದರು. ಎರಡು ರಾತ್ರಿ ನಾವು ಸ್ವಲ್ಪ ಆಸೆಯಿಂದಲೇ ಮಲಗಿದೆವು.

ಮಕ್ಕಳು ಆ ಕಾಯಿ ನೋಡಿ ಒಪ್ಪಿದರು. ಈ ನೆಲದಲ್ಲಿ ಜರ್ದಾಳು ಆಗುತ್ತದೆ ಅನ್ನುವುದು ಅವರಿಗೆ ಖಾತ್ರಿಯಾಯಿತು. ಆಗುವುದೇ ಆದರೆ ಅದನ್ನು ಬಲ್ಲವರ ಕೈಗೆ ಕೊಡಬೇಕು, ಮಾತ್ರೆ ಮಾಡುವವರಿಗಲ್ಲ ಎಂದರು. ಹಿಮಾಚಲದಿಂದ ಹಣ್ಣಿನ ತೋಟದಲ್ಲೇ ಹುಟ್ಟಿ ಬೆಳೆದ, ಅದೇ ವಿಷಯ ಓದಿದ ಒಬ್ಬರನ್ನು ಕರೆಸಿದರು. ಪರ್ಮಿಟ್ಟಿನ ಅರ್ಜಿ ಅವರ ಹೆಸರಿಗೆ ಹೋಯಿತು. ಅದರಲ್ಲಿ ತಪ್ಪು ಹುಡುಕಲು ನಾನು ಬಹಳ ಪ್ರಯತ್ನಪಟ್ಟೆ, ಸಿಗಲಿಲ್ಲ.

ಏಪ್ರಿಲ್ ಮೊದಲ ವಾರ ಆ ಸಂಸಾರ ಬಂದಿಳಿಯಿತು. ಅವರಿಗೆ ಗೊತ್ತಿದ್ದವರು ಯಾರೂ ಇಲ್ಲ, ಒಂದು ದಿನ ಊಟಕ್ಕೆ ಕರೆಯುತ್ತೀರಾ ಎಂದು ಯಜಮಾನರು ನಮ್ಮನ್ನೇ ಕೇಳಿದರು. ಹೇಗೆ ಇಲ್ಲವೆನ್ನುವುದು? ಅರ್ಧ ಕಟ್ಟಿದ ಪೆಟ್ಟಿಗೆಗಳ ನಡುವೆ ಬಿಸಿಬೇಳೆ ಭಾತ್ ಮಾಡಿದೆ. ನಡುಮನೆಯಲ್ಲಿ ನನ್ನ ಗಂಡ ಆ ಮನುಷ್ಯನಿಗೆ ಎಲ್ಲವನ್ನೂ ಹೇಳುತ್ತಿದ್ದರು. ಜುಲೈಯ ಮೋಡದ ಚಳಿಯಲ್ಲೇ ಗಿಡಗಳನ್ನು ಮಲಗಲು ಬಿಡಿ, ಆಗಸ್ಟಿನಲ್ಲಿ ಎಲೆ ಕೀಳಿಸಿ, ಎಲ್ಲವನ್ನೂ ಒಂದೇ ದಿನ ಕೀಳಿಸಬೇಡಿ, ತೊರೆಯ ಪಕ್ಕದ ಸಾಲುಗಳನ್ನು ಮೇಲಕ್ಕೆ ಸಾಗಿಸಿ. ಆತ ತಲೆಯಾಡಿಸುತ್ತ ಕೇಳುತ್ತಿದ್ದರು, ಒಳ್ಳೆಯ ಮನುಷ್ಯ. ನಾನು ಅಡುಗೆಮನೆಯಲ್ಲಿ ಹಪ್ಪಳ ಕರಿಯುತ್ತ ಹಲ್ಲು ಕಚ್ಚಿಕೊಂಡು ನಿಂತಿದ್ದೆ.

ಆತನ ಹೆಂಡತಿ ಒಳಗೆ ಬಂದರು, ನೀರು ಬೇಕೆಂಬ ನೆಪ. ಹಿಂದಿಯಲ್ಲಿ ಮೆಲ್ಲಗೆ ಕೇಳಿದರು, ಇಲ್ಲಿ ಹತ್ತಿರದಲ್ಲಿ ಒಳ್ಳೆಯ ಶಾಲೆ ಯಾವುದು, ನಮ್ಮ ಮಗಳನ್ನು ಎಲ್ಲಿ ಸೇರಿಸಲಿ ಎಂದು. ಅವರ ಮಗಳು ನಮ್ಮವಳಿಗಿಂತ ಒಂದು ವರ್ಷ ಚಿಕ್ಕವಳು, ಬಂದಾಗಿನಿಂದ ತುಟಿ ಬಿಚ್ಚಿರಲಿಲ್ಲ. ನಾನು ನಮ್ಮ ಮಗಳ ಶಾಲೆಯ ಹೆಸರು ಹೇಳಿದೆ. ಬಸ್ಸು ಎಲ್ಲಿ ನಿಲ್ಲುತ್ತದೆ, ಗಣಿತಕ್ಕೆ ಯಾವ ಟೀಚರು ಒಳ್ಳೆಯವರು, ಎಲ್ಲ ಹೇಳಿದೆ. ಮಾತು ಮುಗಿಸಿ ತಿರುಗಿ ನೋಡಿದರೆ ನಮ್ಮವಳು ಬಾಗಿಲಲ್ಲಿ ನಿಂತಿದ್ದಾಳೆ. ಕೋಣೆಗೆ ಹೋಗಿ, ಪೆಟ್ಟಿಗೆ ಬಿಚ್ಚಿ, ತನ್ನ ಶಾಲೆಯ ಸ್ವೆಟರ್ ತಂದು ಆ ಹುಡುಗಿಯ ಭುಜಕ್ಕೆ ಹಿಡಿದು ನೋಡಿದಳು. ಅಳತೆ ಸರಿಹೋಯಿತು.